ಕಿಟಕಿ ಸೀಟಿಗೆ ಯಾರು?

ಗದಗಿನಿಂದ ಮುಂಜಾನೆ ಹುಬ್ಬಳ್ಳಿಗೆ ಹೊಂಡೂ ಪ್ಯಾಸೆಂಜರ್ ಗಾಡ್ಯಾಗ ನಮ್ದೊಂದು ಟೀಮ್ ಐತಿ. ನಾಲ್ಕು ಮಂದಿ, ತಿಂಗಳ ಪಾಸು, ಎದುರು-ಬದುರು ಸೀಟು. ಬ್ಯಾಂಕಿನ ಕಾಕಾ, ಸಾಲ್ಯಾಗ ಪಿ.ಟಿ. ಕಲಿಸೂ ಮಾಸ್ತರ್ರು, ಅರಿವಿ ಅಂಗಡ್ಯಾಗ ಲೆಕ್ಕ ಬರಿಯೂ ನಾನು, ಮತ್ತ ರೇಲ್ವೆ ವರ್ಕ್‌ಶಾಪಿನ ಫಿಟ್ಟರ್ ದೊಡ್ಡಪ್ಪ.

ಹೋದ ತಿಂಗಳ ಕಡೀಕ ದೊಡ್ಡಪ್ಪ ರಿಟೈರ್ ಆದ್ರು. ಹಾರ ಹಾಕಿಸ್ಕೊಂಡು, ಶಾಲು ಹೊದಿಸ್ಕೊಂಡು, ಒಂದು ಗೋಡಿ ಗಡಿಯಾರ ಇಸ್ಕೊಂಡು ಮನಿ ಸೇರಿದ್ರು. ಇನ್ನ ಟೈಮ್ ನೋಡೂ ಕೆಲಸಾನ ಇಲ್ಲದವ್ರಿಗೆ ಗಡಿಯಾರ ಯಾಕ ಕೊಡ್ತಾರೋ! ಅವರ ಕಿಟಕಿ ಸೀಟು ಖಾಲಿ ಆತು. ಖಾಲಿ ಅಂದ್ರ ಯಾರರ ಬಂದು ಕುಂಡ್ರತಾರ, ಆದ್ರ ಸೀಟು ತುಂಬಿದ್ರ ಟೀಮ್ ತುಂಬಿದಂಗಲ್ಲ. ದೊಡ್ಡಪ್ಪ ಹೆಚ್ಚು ಮಾತಾಡವ್ರಲ್ಲ. ನಾವು ಮೂವರೂ ಹುಲಕೋಟಿಯಿಂದ ಹೆಬಸೂರ ತನಕ ಗುದ್ದಾಡಿ ಸುಸ್ತಾದ ಮ್ಯಾಲ, ಬಾಯಾಗಿನ ಅಡಿಕಿ ಒಂದು ದವಡಿಗೆ ಸರಿಸಿ, "ಅದು ಹಂಗಲ್ಲ" ಅಂತ ಶುರು ಮಾಡಿ, ಕುಸುಗಲ್ ಬರೂದ್ರಾಗ ತೀರ್ಪು ಕೊಟ್ಟು ಮುಗಿಸ್ತಿದ್ರು. ಈಗ ಬರೇ ವಕೀಲರು ಉಳದೀವಿ, ಜಡ್ಜ್ ಇಲ್ಲ.

ಆ ಸೀಟಿನ್ಯಾಗ ಈಗ ದಿನಾ ಒಬ್ಬ ಹುಡುಗ ಕುಂಡ್ರತಾನ. ಹುಬ್ಬಳ್ಳ್ಯಾಗ ಎಲ್ಲೋ ಮೊಬೈಲ್ ಅಂಗಡಿ ಕೆಲಸ. ಎರಡೂ ಕಿವ್ಯಾಗ ಬಿಳಿ ಬತ್ತಿ ತುರುಕ್ಕೊಂಡು ಕಿಟಕಿ ಹೊರಗ ಹತ್ತಿ ಹೊಲ ನೋಡ್ಕೋತ ಬರ್ತಾನ.

ಮೊನ್ನೆ ಗಾಡಿ ಹೊಂಟ ಕೂಡ್ಲೇ ಮಾಸ್ತರ್ರು ಆ ಸೀಟಿನ ಕಡೆ ನೋಡಿ ಉಸಿರು ಬಿಟ್ರು. "ಕಾಕಾರ, ಟೀಮ್ ಹೊಸದಾಗಿ ಕಟ್ಟಬೇಕಲ್ರೀ."

"ಯಾವ ಟೀಮ್ ಕಟ್ಟತೀರಿ? ಹೋದವ್ರು ಹೋದ್ರು," ಅಂದ್ರು ಕಾಕಾ. ಕಾಕಾನ ಮುಂದ ಯಾವ ಮಾತು ಎತ್ತಿದ್ರೂ ಕಡೀಕ ಗಾಯನಕ್ಕ ಬರ್ತಾರ. ಕೆವೈಸಿ ಅಂದ್ರೂ ಅವರಿಗೆ ಕಿರಾಣಾ ಘರಾಣಾ ಅಂತ ಕೇಳಸ್ತೈತಿ. "2009 ಜುಲೈ 21ಕ್ಕ ಗಂಗೂಬಾಯಿ ಹಾನಗಲ್. 2010 ಸೆಪ್ಟೆಂಬರ್ 17ಕ್ಕ ನಮ್ಮ ಪುಟ್ಟರಾಜ ಗವಾಯಿ ಅಜ್ಜಾರು. 2011 ಜನವರಿ 24ಕ್ಕ ನಮ್ಮ ರೋಣದಾಗ ಹುಟ್ಟಿದ ಭೀಮಸೇನ ಜೋಶಿ. ಹದಿನೆಂಟ ತಿಂಗಳು! ಯಾರನ್ನ ತಂದು ಕಟ್ಟತೀರಿ?"

"ಟಾಪ್ ಆರ್ಡರ್ ಕುಸಿತ," ಅಂದ್ರು ಮಾಸ್ತರ್ರು.

"ಅದಕ್ಕೂ ಮೊದ್ಲ 1991ರಾಗ ಬಸವರಾಜ ರಾಜಗುರು. 1992 ಜನವರ್ಯಾಗ ಕುಮಾರ ಗಂಧರ್ವ, ಅದ ವರ್ಷ ಸೆಪ್ಟೆಂಬರದಾಗ ಮಲ್ಲಿಕಾರ್ಜುನ ಮನಸೂರ."

"ಅದು ಮೊದಲನೇ ಇನ್ನಿಂಗ್ಸ್."

"ಲೇ ಮಾಸ್ತರ! ಸತ್ತವರ ಸ್ಕೋರ್ ಬರಿಯಾಕ ಕುಂತೀ ಏನ?" ಕಾಕಾಗ ಸಿಟ್ಟು ಬಂತಂದ್ರ ಮೊದಲು ಬಿದ್ದು ಹೋಗೂದು 'ರೀ'.

ಮಾಸ್ತರ್ರು ನೊಂದ್ಕೊಂಡ್ರು. "ನಮ್ಮವ್ರೂ ಹೋಗ್ಯಾರ್ರೀ ಕಾಕಾ. 2022 ಮಾರ್ಚ್ 4 ನೆನಪೈತಿಲ್ಲೋ? ಮುಂಜಾನೆ ಆಸ್ಟ್ರೇಲಿಯಾದ ಸ್ಪಿನ್ನರ್ ಶೇನ್ ವಾರ್ನ್ ಕುಂತು ಅವರ ಹಳೇ ವಿಕೆಟ್‌ಕೀಪರ್ ರಾಡ್ ಮಾರ್ಷ್‌ಗೆ ಶ್ರದ್ಧಾಂಜಲಿ ಬರದಾನ. ದಿನ ಮುಳುಗೂದ್ರಾಗ ಊರ ಮಂದಿ ಎಲ್ಲಾ ವಾರ್ನ್‌ಗೆ ಬರಿಯಾಕ ಹತ್ತಿದ್ರು. ಐವತ್ತೆರಡ ವರ್ಷ."

ಒಂದ್ ನಿಮಿಷ ಯಾರೂ ಮಾತಾಡ್ಲಿಲ್ಲ. ನಾನೂ ನನ್ನ ಪಾಲಿಂದು ಹಾಕಿದೆ. 2020 ಸೆಪ್ಟೆಂಬರ್ 24ಕ್ಕ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಡೀನ್ ಜೋನ್ಸ್ ಮುಂಬೈದಾಗ ಹೋದ, ಮರುದಿನ 25ಕ್ಕ ಚೆನ್ನೈದಾಗ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅದ ಚೆನ್ನೈದಾಗ 1986ರಾಗ ಟೈ ಆದ ಟೆಸ್ಟಿನ್ಯಾಗ ಜೋನ್ಸ್ ಬಿಸಲಿಗೆ ವಾಂತಿ ಮಾಡ್ಕೋತ ನಿಂತು 210 ಹೊಡದಿದ್ದ, ಆಮ್ಯಾಲ ದವಾಖಾನಿಗೆ ಸೇರಿಸಿ ಸಲಾಯಿನ್ ಹಚ್ಚಿದ್ರು. ಲಾಕ್‌ಡೌನಿನ ಆ ಎರಡು ದಿನ ನನಗ ಕ್ರಿಕೆಟ್ ಹಚ್ಚಬೇಕೋ ಹಾಡು ಹಚ್ಚಬೇಕೋ ತಿಳೀದ ಟಿ.ವಿ. ಬಂದ್ ಮಾಡಿ ಕುಂತಿದ್ದೆ.

"ಎಸ್ಪಿಬಿ ನಮ್ಮವ," ಅಂದ್ರು ಕಾಕಾ. ಧ್ವನಿ ಇಳದಿತ್ತು. "ನಮ್ಮ ಗದಗಿನ ಪಂಚಾಕ್ಷರಿ ಗವಾಯಿಗಳ ಮ್ಯಾಲಿನ ಸಿನಿಮಾದಾಗ ಹಾಡಿದ್ದಕ್ಕ ಅಂವಗ ರಾಷ್ಟ್ರಪ್ರಶಸ್ತಿ ಬಂದಿದ್ದು."

"ಅದ ಹೇಳಾಕತ್ತೀನಿ. ಹೊರಗಿನಾಂವನ್ನ ತಂದ್ರ ಏನಾತು? ಆಡಾಂವ ಆಡ್ತಾನ," ಅಂತ ಮಾಸ್ತರ್ರು ಹೊಳ್ಳಿ ಹಾದಿಗೆ ಬಂದ್ರು. "ಅದ ವಾರ್ನ್ 2008ರಾಗ ರಾಜಸ್ಥಾನದ ಹುಡುಗರನ್ನ ಕಟಗೊಂಡು ಮೊದಲನೇ ಐಪಿಎಲ್ ಹೊಡದ. ಯಾರೂ ಲೆಕ್ಕಕ್ಕ ಹಿಡದಿದ್ದಿಲ್ಲ. ನಮ್ಮ ಆರ್‌ಸಿಬಿನ ನೋಡ್ರಿ. ಹದಿನೇಳು ವರ್ಷ ದೊಡ್ಡ ದೊಡ್ಡ ಹೆಸರು ಇಟಗೊಂಡು ಮೂರು ಫೈನಲ್ ಸೋತ್ರು. 2025ರ ಹರಾಜಿಗೆ ಮೊದ್ಲ ಮೂರ ಮಂದೀನ ಇಟಗೊಂಡು ಉಳದವರನ್ನೆಲ್ಲಾ ಬಿಟ್ರು. ಸಿರಾಜನ್ನೂ ಬಿಟ್ರು! ನಾ ಆವತ್ತ ಉಂಡಿಲ್ಲ. ಆದ್ರ ಮುಂದ? ಜೂನ್ 3ಕ್ಕ ಅಹಮದಾಬಾದಿನ್ಯಾಗ ಪಂಜಾಬಿಗೆ ಆರು ರನ್ನಿಂದ ಹೊಡದು ಕಪ್ ತಂದ್ರಿಲ್ಲೋ?"

ಮರುದಿನ ಚಿನ್ನಸ್ವಾಮಿ ಬಾಗಲಾಗ ಹನ್ನೊಂದು ಮಂದಿ ಸತ್ತದ್ದೂ ನೆನಪಾತು. ಆ ಮಾತು ಬಂದ್ರ ನಮ್ಮ ಡಬ್ಬ್ಯಾಗ ಯಾರೂ ನಗಂಗಿಲ್ಲ. ಅಷ್ಟರಾಗ ಅಣ್ಣಿಗೇರಿ ಬಂತು. ಶೇಂಗಾ ಮಾರಾಕಿ ಹತ್ತಿದ್ಲು, ಒಂದೊಂದು ಪೊಟ್ಟಣ ಇಸ್ಕೊಂಡ್ವಿ.

"ಆರು ರನ್," ಅಂದ್ರು ಕಾಕಾ, ಶೇಂಗಾ ಸಿಪ್ಪಿ ತಿಕ್ಕಿ ಊದಿ. "2010 ಜನವರ್ಯಾಗ ಮೈಸೂರಿನ್ಯಾಗ ರಣಜಿ ಫೈನಲ್. ನಿಮ್ಮ ಕರ್ನಾಟಕದವ್ರು ಮುಂಬೈಗೆ ಎಷ್ಟರಿಂದ ಸೋತ್ರಿ?"

ಮಾಸ್ತರ್ರ ಮಾರಿ ಸಣ್ಣದಾತು. "ಆರು."

"ಮನೀಶ್ ಪಾಂಡೆ 144 ಹೊಡದಿದ್ದ, ಅಲಾ? ಅವತ್ತ ಕಳಕೊಂಡ ಆರು ನಿಮಗ 2025ರಾಗ ಹೊಳ್ಳಿ ಬಂತು. ಹದಿನೈದು ವರ್ಷಕ್ಕ ಬರೇ ಅಸಲು! ಬಡ್ಡಿ ಎಲ್ಲೈತಿ? ರಣಜಿ ಅಂತೂ 2014-15ರ ಮ್ಯಾಲ ಬಂದೇ ಇಲ್ಲ. ಇಂಥಾ ಖಾತೆ ನಮ್ಮ ಬ್ಯಾಂಕಿನ್ಯಾಗಿದ್ರ ಎಂದೋ ಬಂದ್ ಮಾಡ್ತಿದ್ವಿ."

ಇದಕ್ಕ ನಾನೂ ನಕ್ಕೆ. ಮಾಸ್ತರ್ರು ನನ್ನ ಕಡೆ ನೋಡಿದ ನೋಟ ನೋಡಿದ್ರ ನಾಳೆ ನನ್ನನ್ನೂ ಹರಾಜಿಗೆ ಬಿಡೂ ಹಂಗಿತ್ತು. "ಅದಕ್ಕ ಅನ್ನೂದು, ಕಟ್ಟಬೇಕು ಅಂತ!" ಅಂತ ಸೀಟಿಗೆ ಗುದ್ದಿದ್ರು. "1998-99ರ ಮ್ಯಾಲ ಹದಿನಾಕು ಸೀಸನ್ ಬರಗಾಲ ಬಿದ್ದಿತ್ತು. ದ್ರಾವಿಡ್, ಕುಂಬ್ಳೆ, ಶ್ರೀನಾಥ್ ಎಲ್ಲಾ ಭಾರತಕ್ಕ ಆಡಿ ಮುಗಿಸಿ ಮನೀಗೆ ಹೋದ ಮ್ಯಾಲ, ದಾವಣಗೆರೆ ವಿನಯ್ ಕುಮಾರ್ ಕ್ಯಾಪ್ಟನ್ ಆಗಿ ಒಂದರ ಮ್ಯಾಲ ಒಂದು ಎರಡು ರಣಜಿ ತಂದ. ಮುಂಬೈದಾಗ ತಮಿಳುನಾಡಿನ ಮುಂದ ಕರುಣ್ ನಾಯರ್ 328! ಆ ಹುಡುಗ್ರನ್ನ ಯಾರೂ ಹರಾಜಿನ್ಯಾಗ ತಂದಿದ್ದಿಲ್ಲ."

"ಈಗ ದಾರಿಗೆ ಬಂದ್ರಿ," ಅಂದ್ರು ಕಾಕಾ. 'ರೀ' ಹೊಳ್ಳಿ ಬಂದಿತ್ತು. "ಮನಸೂರ ಅಣ್ಣಾರದ್ದು ಕೇಳ್ರಿ. ಮೊದಲು ಮಿರಜಿನ್ಯಾಗ ನೀಲಕಂಠ ಬುವಾ ಹತ್ರ ಗ್ವಾಲಿಯರ್ ಘರಾಣಾ ಕಲ್ತ್ರು. ಆಮ್ಯಾಲ ಜೈಪುರ ಘರಾಣಾದ ಮಂಜಿ ಖಾನ್ ಸಾಹೇಬ್ರು ಸಿಕ್ರು. ಇನ್ನೇನು ಎಲ್ಲಾ ಕೈಗೆ ಹತ್ತಿತು ಅನ್ನೂದ್ರಾಗ 1937ರಾಗ ಗುರು ಹೋದ್ರು. ಬ್ಯಾರೆಯವ್ರಾಗಿದ್ರ ಇದ್ದಷ್ಟ ಸಾಕು ಅಂತ ಹಾಡ್ಕೋತ ಅಡ್ಡ್ಯಾಡ್ತಿದ್ರು. ಇವ್ರು ಹೋಗಿ ಮಂಜಿ ಖಾನರ ತಮ್ಮ ಭುರ್ಜಿ ಖಾನರ ಮುಂದ ಹೊಳ್ಳಿ ಶಿಷ್ಯಾ ಆಗಿ ಕುಂತ್ರು. ಅಷ್ಟೊತ್ತಿಗೆ ಇವರ್ದ ಹೆಸರಾಗಿತ್ತು! ಘರಾಣಾ ಅಂದ್ರ ಮನಿ. ಮನಿ ಅದ, ತಂಬೂರಿ ಅದ, ಗುರು ಬದಲಿ. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ? 1944ರಾಗ ಪಂಚಾಕ್ಷರಿ ಗವಾಯಿಗಳು ಹೋದ್ರು. ಗುರುಗೂ ಕಣ್ಣಿಲ್ಲ, ಶಿಷ್ಯಾಗೂ ಕಣ್ಣಿಲ್ಲ. ಪುಟ್ಟರಾಜ ಅಜ್ಜಾರು ಅರವತ್ತಾರು ವರ್ಷ ಆಶ್ರಮ ನಡಿಸಿದ್ರು."

"ಅರವತ್ತಾರು ವರ್ಷ ಕ್ಯಾಪ್ಟನ್ಸಿ!" ಅಂದ್ರು ಮಾಸ್ತರ್ರು. ಈ ಸಲ ಕಾಕಾ ಬೈಲಿಲ್ಲ.

ಬದಲಿ ಬರಾಂವ ಎಲ್ಲಿಂದ ಬರ್ತಾನ ಅಂತ ಕಾಕಾ ಕೈ ಮಾಡಿ ತೋರಿಸಿದ್ರು. ಎರಡೂ ಕೈ ತಂಬೂರಿ ಹಿಡದಂಗ ಮಾಡಿ, ನಾಕು ಬೆರಳು ಗಾಳ್ಯಾಗ ಮೀಟಿ. "ಕಛೇರ್ಯಾಗ ಎಲ್ಲಾರೂ ಮುಂದ ಹಾಡವರ ಮಾರಿ ನೋಡ್ತಾರ. ನಾ ಹಿಂದ ತಂಬೂರಿ ಹಿಡದವ್ರನ್ನ ನೋಡ್ತೀನಿ. ಗಂಗೂಬಾಯಿಯವ್ರಿಗೆ ಗಂಟಲ ಆಪರೇಶನ್ ಆದ ಮ್ಯಾಲ ಧ್ವನಿ ಗಂಡಸಿನ ಗತೆ ದಪ್ಪ ಆತು. ಹಿಂದ ಮಗಳು ಕೃಷ್ಣಾ ಕುಂಡ್ರತಿದ್ರು. ಅವ್ವ ಕೆಳಗ ನಿಂತ್ರ ಮಗಳು ಮ್ಯಾಲಿನ ಸ್ವರ ಹಿಡಿಯೂದು. ನಾ ಹುಬ್ಬಳ್ಳ್ಯಾಗ ಒಮ್ಮೆ ಬಾಜೂಕ ಕುಂತು ನೋಡೀನಿ. ಆಕಿ ಕಣ್ಣು ಮಂದಿ ಮ್ಯಾಲ ಇಲ್ಲ, ತಬಲಾದ ಮ್ಯಾಲ ಇಲ್ಲ, ಅವ್ವನ ಬೆನ್ನ ಮ್ಯಾಲ. ನನಗ ಕಂಡಂಗ, ಬೆನ್ನು ಏರಿ ಇಳಿಯೂದು ನೋಡಿ ಆಕಿಗೆ ಗೊತ್ತಾಗ್ತಿತ್ತು, ಉಸಿರು ಎಲ್ಲಿ ಮುಗೀತೈತಿ, ತಾ ಎಲ್ಲಿ ಎತಗೋಬೇಕು ಅಂತ."

"ಆಮ್ಯಾಲ?"

"2004ರಾಗ ಕೃಷ್ಣಾ ಕ್ಯಾನ್ಸರಿಂದ ಹೋದ್ರು. ಅವ್ವ ಐದು ವರ್ಷ ಹಿಂದ ಉಳದ್ರು."

ಹೆಬಸೂರ ಬಂದು ಹೋತು. ಮಾಸ್ತರ್ರು ಶೇಂಗಾ ಪೊಟ್ಟಣ ಮಡಚಿ ಕಿಸೆದಾಗ ಇಟಗೊಂಡ್ರು. ಇನ್ನೂ ಅರ್ಧ ಇತ್ತು.

ನನಗ ಈ ಗದ್ದಲದಾಗ ಬ್ಯಾರೇನ ಹೊಳೀತು. ಗಂಗೂಬಾಯಿಯವ್ರು ಸವಾಯಿ ಗಂಧರ್ವರ ಹತ್ರ ಕಲಿಯಾಕ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೇಲ್ವೆದಾಗ ಹೋಗಿ ಬರ್ತಿದ್ರು. ನಮ್ಮ ಗದಗಿನ ಸ್ಪಿನ್ನರ್ ಸುನೀಲ ಜೋಶಿ, ದೇವರು ಅವರನ್ನ ನೂರು ವರ್ಷ ಇಡ್ಲಿ, ಮುಂಜಾನೆ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ ಹೊಳ್ಳಿ ಗದಗಿಗೆ ಸಾಲಿಗೆ ಹೋಗ್ತಿದ್ರು. 1999ರಾಗ ನೈರೋಬಿದಾಗ ದಕ್ಷಿಣ ಆಫ್ರಿಕಾದ ಮುಂದ ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್! (ನೋಡ್ರಿ, ಇಲ್ಲೂ ಆರು.) "ಅವರೂ ಅಡ್ಡ್ಯಾಡಿದ್ರು, ನಾವೂ ಇಪ್ಪತ್ತು ವರ್ಷದಿಂದ ಅಡ್ಡ್ಯಾಡಾಕತ್ತೀವಿ. ನಮಗೇನ್ ಬಂತು?" ಅಂತ ಕೇಳಿದೆ.

"ಮೂಲವ್ಯಾಧಿ," ಅಂದ್ರು ಮಾಸ್ತರ್ರು.

ನಕ್ಕ ನಕ್ಕ ಕಾಕಾನ ಚಷ್ಮಾ ಜಾರಿತು. ನೋಡಿದ್ರ ಕಿಟಕಿ ಹುಡುಗನೂ ನಕ್ಕಿದ್ದ. ನಕ್ಕು, ತಪ್ಪಾತು ಅನ್ನಾಂವನಂಗ ಹೊರಗ ನೋಡಿದ.

ಮಾಸ್ತರ್ರು ಬಿಡ್ಲಿಲ್ಲ. ಪಿ.ಟಿ. ಪಿರಿಯಡ್ಡಿನ ಧ್ವನಿ ತಗದ್ರು. "ತಮ್ಮಾ, ಕ್ರಿಕೆಟ್ ತಿಳಿತೈತೇನು?"

"ಇಲ್ರೀ. ನಾ ಕಬಡ್ಡಿ."

"ಗಾಯನ?" ಅಂದ್ರು ಕಾಕಾ.

"ಇಲ್ರೀ."

"ಮತ್ತ ಕಿವ್ಯಾಗ ದಿನಾ ಏನ್ ಕೇಳ್ತೀ?"

ಹುಡುಗ ಬತ್ತಿ ತಗದು ಅಂಗೈಯಾಗ ಹಿಡಕೊಂಡ. "ಏನೂ ಇಲ್ರೀ. ಇದು ಕೆಟ್ಟು ಎರಡು ತಿಂಗಳಾತು. ಹಾಕ್ಕೊಂಡ್ರ ಯಾರೂ ಮಾತಾಡ್ಸೂದಿಲ್ಲಂತ ಹಾಕ್ಕೊತೀನಿ."

"ಹಂಗಾರ ನಾವಾಡಿದ್ದೆಲ್ಲಾ..."

"ಕೇಳೀನ್ರಿ. ಆ ದೊಡ್ಡಪ್ಪಾರು ಇದ್ದಾಗಿಂದನೂ ಕೇಳೀನಿ. ಅವಾಗ ನಿಮ್ಮ ಹಿಂದಿನ ಸೀಟಿನ್ಯಾಗ ಕುಂಡ್ರತಿದ್ದೆ." ಒಂದ್ ಸಲ ಉಗುಳು ನುಂಗಿ, ಕಾಕಾನ ಕಡೆ ನೋಡಿ ಅಂದ: "ಕಾಕಾರ, ಸಿಟ್ಟಾಗಬ್ಯಾಡ್ರಿ. ರಾಜಗುರು ಹೋಗಿದ್ದು 1991 ಅಂತ ಇವತ್ತ ಅಂದ್ರಿ. ಹೋದ ತಿಂಗಳ 92 ಅಂದಿದ್ರಿ."

ಗಾಡಿ ಕುಸುಗಲ್ ದಾಟಿತ್ತು.

ಕಾಕಾ ಹಂಗ ಅಂದೇ ಇಲ್ಲ ಅಂತ ಹುಬ್ಬಳ್ಳಿ ತನಕ ಹಟ ಹಿಡದ್ರು. ಇಳದ ಮ್ಯಾಲೂ ಹಿಡದ್ರು. ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನ್ಯಾಗ ಅತಿ ಉದ್ದ ಅಂತ ಗಿನ್ನೆಸ್ ಪುಸ್ತಕದಾಗ ಐತಿ. ಜಗಳಾಡಾಕ ಇಷ್ಟು ಅನುಕೂಲ ಬ್ಯಾರೆ ಊರಾಗಿಲ್ಲ. ಅರ್ಧ ಹಾದಿಗೆ ಕಾಕಾ ನಿಂತು, ಫೋನ್ ತಗದು, ದೊಡ್ಡಪ್ಪಗ ಹಚ್ಚಿ ಸ್ಪೀಕರಿಗೆ ಹಾಕಿದ್ರು. ಭಾಳೊತ್ತು ಗಂಟಿ ಹೊಡೀತು. ಎತ್ತಿದ್ರು. ನಿದ್ದಿಗಣ್ಣಿನ ಧ್ವನಿ.

"ದೊಡ್ಡಪ್ಪಾರ, ನಾ ಹೋದ ತಿಂಗಳ ರಾಜಗುರು ಅವರದ್ದು..."

"92 ಅಂದಿದ್ದಿ. ಆವತ್ತ ಸುಮ್ನ ಬಿಟ್ಟೆ, ನಾಕ ದಿನದಾಗ ರಿಟೈರ್ ಆಗಾಂವ ಇದ್ದೆ ಅಂತ. ಇಡು ಫೋನು. ಅಲ್ಲಾ, ನಿನಗ ಯಾರ ಹೇಳಿದ್ರು?"

ಹುಡುಗ ಅಷ್ಟೊತ್ತಿಗೆ ಅಂಗಡಿಗೆ ಹೊತ್ತಾತು ಅಂತ ಲಗುಲಗು ಹೆಜ್ಜಿ ಹಾಕ್ಕೋತ ಮುಂದ ಹೊಂಟಿದ್ದ. ಮಾಸ್ತರ್ರು ಎರಡೂ ಕೈ ಬಾಯಿಗೆ ಹಚ್ಚಿ ಒದರಿದ್ರು: "ಲೇ ತಮ್ಮಾ! ನಾಳೆ ನೀ ಮೊದಲ ಬಂದ್ರ ನಾಕೂ ಸೀಟಿಗೆ ಟಾವೆಲ್ ಹಾಸಿಡೋ!"