ವಿದೇಶದಲ್ಲಿ ಊಟ, ನೀರು: ಡಾಕ್ಟರ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಹೊರದೇಶಕ್ಕೆ ಹೋದಾಗ ಹೊಟ್ಟೆ ಕೆಡದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಇವತ್ತು ಮೇಡಂ ಹೇಳುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಕಿಟಕಿ ಸೀಟು: ನಮಸ್ತೆ ಮೇಡಂ. ಬಾಟಲಿ ನೀರೇ ಕುಡಿಯುತ್ತೇವೆ. ಜ್ಯೂಸಿಗೆ ಹಾಕೋ ಐಸ್ ಪರವಾಗಿಲ್ಲ ಅಲ್ವಾ?

ಡಾಕ್ಟರ್: ನಮಸ್ತೆ. ನಲ್ಲಿ ನೀರು ಕುಡಿಯಬಾರದ ಕಡೆ ಐಸೂ ಬೇಡ. ಅದೂ ಅದೇ ನೀರು. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಹಲ್ಲುಜ್ಜಲೂ ಬಾಟಲಿ ನೀರು ಬಳಸಿ, ಅದರ ಸೀಲ್ ನೀವೇ ಮುರಿಯಿರಿ.

ಬೆಟ್ಟದ ದಾರಿ: ಮೇಡಂ, ಟ್ರೆಕ್ಕಿಂಗ್ ಹೊರಟಿದ್ದೇವೆ. ನೀರು 20 ನಿಮಿಷ ಕುದಿಸಬೇಕು ಅಂತಾರೆ. ಅಷ್ಟು ಗ್ಯಾಸ್ ಹೊರೋದು ಕಷ್ಟ. ಕ್ಲೋರಿನ್ ಮಾತ್ರೆ ಸಾಕಾ?

ಡಾಕ್ಟರ್: ಕೊತಕೊತ ಅಂದ ಮೇಲೆ 1 ನಿಮಿಷ ಸಾಕು. 2,000 ಮೀಟರ್‌ಗಿಂತ ಮೇಲಿದ್ದರೆ 3 ನಿಮಿಷ, ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಮಾತ್ರೆಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಭೇದಿ ತರುವ ಪರಾವಲಂಬಿ ಜಗ್ಗುವುದಿಲ್ಲ. ಕುದಿಸುವುದೇ ಗಟ್ಟಿ.

ಪುಟ್ಟಿಯ ಅಮ್ಮ: ಮೇಡಂ, ಮಗಳಿಗೆ ಒಂದೂವರೆ ವರ್ಷ. ಹೊರಡುವ ಎಷ್ಟು ದಿನ ಮುಂಚೆ ಟೈಫಾಯಿಡ್ ಲಸಿಕೆ ಹಾಕಿಸಬೇಕು?

ಹಾಯಿದೋಣಿ: ಮೇಡಂ, ಸ್ವಲ್ಪ ಅರ್ಜೆಂಟ್. ಕೆರಿಬಿಯನ್ ದ್ವೀಪವೊಂದರಲ್ಲಿದ್ದೇವೆ. ನಿನ್ನೆ ಮಧ್ಯಾಹ್ನ ಬರಾಕುಡಾ ಮೀನು ತಿಂದೆವು. ಚೆನ್ನಾಗಿ ಬೆಂದಿತ್ತು, ಬಿಸಿಯಾಗಿತ್ತು. ಸಂಜೆ ಇಬ್ಬರಿಗೂ ವಾಂತಿ, ಭೇದಿ. ಈಗ ನಿಂತಿದೆ. ಆದರೆ ನಮ್ಮವರಿಗೆ ತುಟಿ ಜುಮ್ ಅಂತಿದೆಯಂತೆ. ಬೆಳಿಗ್ಗೆ ನಲ್ಲಿಗೆ ಕೈ ಒಡ್ಡಿದವರು ‘ಸುಡ್ತಿದೆ’ ಅಂತ ಸರಕ್ಕನೆ ಎಳೆದುಕೊಂಡರು. ನಾನು ಮುಟ್ಟಿ ನೋಡಿದೆ, ನೀರು ತಣ್ಣಗೇ ಇತ್ತು.

ಡಾಕ್ಟರ್: ಮಿಕ್ಕವರು ಸ್ವಲ್ಪ ತಾಳಿ. ಹಾಯಿದೋಣಿಯವರೇ, ಮೊದಲು ಅವರ ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಎದ್ದು ನಿಂತರೆ ತಲೆ ಸುತ್ತುತ್ತದಾ ಕೇಳಿ. ಉತ್ತರ ಏನೇ ಇರಲಿ, ಇಬ್ಬರೂ ಆಸ್ಪತ್ರೆಗೆ ಹೊರಡಿ. ‘ಬರಾಕುಡಾ ತಿಂದೆವು, ತಣ್ಣಗಿರುವುದು ಸುಡುತ್ತಿದೆ’ ಅನ್ನಿ, ಅಲ್ಲಿಯವರಿಗೆ ಅರ್ಥವಾಗುತ್ತದೆ. ಇದು ಸಿಗ್ವಟೆರಾ ಇರಬೇಕು.

ಇದು ರೋಗಾಣುವಿನ ಕೆಲಸವಲ್ಲ, ವಿಷ. ಹವಳದ ದಿಬ್ಬಗಳಲ್ಲಿ ಬೆಳೆಯುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಿಂದ ಶುರುವಾಗುತ್ತದೆ. ಪಾಚಿ ಮೇಯುವ ಮೀನಿನ ಮೈಗೆ ಸೇರುತ್ತದೆ. ಆ ಮೀನನ್ನು ಇನ್ನೊಂದು ನುಂಗುತ್ತದೆ, ಅದನ್ನು ಮತ್ತೊಂದು. ವಿಷ ಕೂಡಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಬರಾಕುಡಾ, ಗ್ರೂಪರ್, ಸ್ನ್ಯಾಪರ್, ಮೊರೆ ಈಲ್ ಇವೆಲ್ಲ ದೊಡ್ಡದಾದಷ್ಟೂ ಅಪಾಯ. ತಲೆ, ಲಿವರ್, ಮೊಟ್ಟೆಯಲ್ಲಿ ಇನ್ನೂ ಜಾಸ್ತಿ. ಬೇಯಿಸಿದರೂ ಹೋಗಲ್ಲ, ಫ್ರೀಜರಿನಲ್ಲಿಟ್ಟರೂ ಹೋಗಲ್ಲ. ವಾಸನೆ, ರುಚಿ ಎಲ್ಲ ಸರಿಯಾಗೇ ಇರುತ್ತದೆ. ‘ಬಿಸಿಬಿಸಿ ತಿನ್ನಿ’ ಅಂತ ನಾವು ಎಲ್ಲರಿಗೂ ಹೇಳುತ್ತೇವಲ್ಲ, ಆ ಮಾತು ಇಲ್ಲಿ ಕೈಕೊಡುತ್ತದೆ. 1774ರಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ಹಡಗಿನವರು ಪೆಸಿಫಿಕ್ ಸಾಗರದಲ್ಲಿ, ಈಗಿನ ವನುವಾಟು ದೇಶದ ಹತ್ತಿರ ಮೀನು ತಿಂದು ಹಾಸಿಗೆ ಹಿಡಿದಿದ್ದರು. ಅದೂ ಇದೇ ಅಂತ ಊಹೆ.

ಇದಕ್ಕೆ ಪ್ರತಿವಿಷ ಇಲ್ಲ. ಸಲೈನ್ ಕೊಟ್ಟು ಕಾಯುತ್ತಾರೆ. ಕೆಲವರಲ್ಲಿ ಹೃದಯದ ಬಡಿತವೂ ಬಿಪಿಯೂ ಇಳಿಯುತ್ತದೆ, ನನಗೆ ಹೆದರಿಕೆ ಅದರದ್ದು. ಜುಮ್ ಅನ್ನೋದು ವಾರಗಟ್ಟಲೆ ಇರಬಹುದು. ವಾಸಿಯಾಯಿತು ಅಂತ ಮದ್ಯ ಕುಡಿದರೆ ಮತ್ತೆ ಮರುಕಳಿಸಬಹುದು. ಕೆಲವು ತಿಂಗಳು ಮದ್ಯ, ಮೀನು, ಬಾದಾಮಿಯಂಥ ಬೀಜಗಳು ಬೇಡ. ನಾಡಿ ಎಷ್ಟು ಅಂತ ಇಲ್ಲಿ ಬರೆಯಿರಿ.

ಮೇಷ್ಟ್ರು: ಎಲ್ಲರಿಗೂ ಉಪಯುಕ್ತ ಮಾಹಿತಿ. ಮೀನಿನ ಮೇಲೆ ಬೆಳ್ಳಿ ನಾಣ್ಯ ಇಡಿ. ಕಪ್ಪಾದರೆ ವಿಷ. ನೊಣ ಕೂರದಿದ್ದರೂ ವಿಷ. 10 ಜನಕ್ಕೆ ಕಳಿಸಿ, ಜೀವ ಉಳಿಸಿ.

ಡಾಕ್ಟರ್: ಮೇಷ್ಟ್ರೇ, ಇದು ಬೆಳ್ಳಿಗೂ ಗೊತ್ತಾಗಲ್ಲ, ನೊಣಕ್ಕೂ ಗೊತ್ತಾಗಲ್ಲ. ನಾಣ್ಯ ಬೆಳ್ಳಗಿದೆ ಅಂತ ಯಾರಾದರೂ ಧೈರ್ಯವಾಗಿ ತಿಂದರೆ? ಅಳಿಸಿ, ದಯವಿಟ್ಟು.

ಬೆಟ್ಟದ ದಾರಿ: ಹಾಗಾದ್ರೆ ನೊಣ ಕೂತಿದ್ದನ್ನೇ ಹುಡುಕಿ ತಿನ್ನಬೇಕಾ ಮೇಷ್ಟ್ರೇ?

ಮೇಷ್ಟ್ರು: ನಗಬೇಡಿ. ಹಿರಿಯರು ಸುಮ್ನೆ ಹೇಳಿಲ್ಲ.

ಕಾಲಿಗೆ ಚಕ್ರ: ಅತಿಯಾಗಿ ಹೆದರಿಸುತ್ತಿದ್ದೀರಿ ಮೇಡಂ. ನಾನು 30 ದೇಶ ಸುತ್ತಿದವನು, ರಸ್ತೆಬದಿ ತಿಂದೇ ಬದುಕಿದ್ದೇನೆ. ಊಟಕ್ಕೆ ಮುಂಚೆ ಒಂದು ಪೆಗ್ ಹಾಕಿದರೆ ಒಳಗಿನದೆಲ್ಲ ಸಾಯುತ್ತೆ. ಒಂದು ಸಲವೂ ಹೊಟ್ಟೆ ಕೆಟ್ಟಿಲ್ಲ.

ಕಿಟಕಿ ಸೀಟು: ಹೋದ ವರ್ಷ ಇದೇ ಗುಂಪಿಗೆ ಹೋಟೆಲ್ ಬಾತ್‌ರೂಮಿನಿಂದ ಮೆಸೇಜ್ ಹಾಕಿದ್ದು ಯಾರಪ್ಪಾ?

ಕಾಲಿಗೆ ಚಕ್ರ: ಅದು ನೀರು ಬದಲಾಗಿದ್ದಕ್ಕೆ.

ಕಿಟಕಿ ಸೀಟು: ಅದನ್ನೇ ಅಲ್ವಾ ಮೇಡಂ ಹೇಳ್ತಿರೋದು!

ಕಾಲಿಗೆ ಚಕ್ರ: ನೀವು ಪಾಸ್‌ಪೋರ್ಟ್ ಮಾಡಿಸಿದ್ದೇ ಮೊನ್ನೆ. ಸುಮ್ನಿರಿ.

ಅಡ್ಮಿನ್: ವೈಯಕ್ತಿಕ ಮಾತು ಬೇಡ.

ಡಾಕ್ಟರ್: ರಸ್ತೆಬದಿ ತಪ್ಪಲ್ಲ. ನಿಮ್ಮೆದುರೇ ಬೆಂದು ಹಬೆಯಾಡುತ್ತಾ ತಟ್ಟೆಗೆ ಬಿದ್ದರೆ, ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತ ಬಫೆಗಿಂತ ವಾಸಿ. ಪೆಗ್ ಕಥೆ ಮಾತ್ರ ಬೊಗಳೆ. 2024ರ ನವೆಂಬರಿನಲ್ಲಿ ಲಾವೋಸಿನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಅನ್ನೋ ವಿಷದ ಆಲ್ಕೋಹಾಲ್ ಬೆರೆತ ಮದ್ಯ ಕುಡಿದು 6 ವಿದೇಶಿ ಪ್ರವಾಸಿಗರು ಸತ್ತರು. ಕುಡಿಯುವಾಗ ರುಚಿಯಲ್ಲಿ ಗೊತ್ತಾಗುವುದಿಲ್ಲ. ಮರುದಿನ ಕಣ್ಣು ಮಂಜಾದರೆ ಹ್ಯಾಂಗೋವರ್ ಅಂತ ಮಲಗಬೇಡಿ, ಆಸ್ಪತ್ರೆಗೆ ಓಡಿ.

ಹೊಸ ಸದಸ್ಯ: ಹಾಯ್ ಮೇಡಂ, ಕೂಲ್ ಡ್ರಿಂಕ್ಸಿಗೆ ಐಸ್ ಹಾಕಿಸಿಕೊಳ್ಳಬಹುದಾ?

ಡಾಕ್ಟರ್: ಮೇಲೆ ಓದಿ.

ಬೆಟ್ಟದ ದಾರಿ: ಭೇದಿ ನಿಲ್ಲಿಸೋ ಲೋಪೆರಮೈಡ್ ಮಾತ್ರೆ ಇಟ್ಟುಕೊಳ್ಳಲಾ?

ಡಾಕ್ಟರ್: ದೊಡ್ಡವರು, ಬಸ್ ಪ್ರಯಾಣ ಇದ್ದರೆ ಸರಿ. ಜ್ವರವಿದ್ದರೆ, ರಕ್ತ ಹೋಗುತ್ತಿದ್ದರೆ ಬೇಡ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಅದಕ್ಕಿಂತ ಮುಖ್ಯ ಓಆರ್‌ಎಸ್ ಪುಡಿ. ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ತಲೆಸಮ ಮಾಡಿ ಅಳೆಯಿರಿ. ಉಪ್ಪು ಕೈಯಳತೆ ಬೇಡ.

ಮೇಷ್ಟ್ರು: ಇದ್ದಿಲಿನ ಪುಡಿ ನುಂಗಿದರೆ ಎಲ್ಲ ವಿಷವೂ...

ಡಾಕ್ಟರ್: ಅಡ್ಮಿನ್, ಇವರನ್ನು ನೋಡಿಕೊಳ್ಳಿ. ಇಲ್ಲಾಂದ್ರೆ ನಾನು ಹೊರಟೆ.

ಮೇಷ್ಟ್ರು: ಕಲಿತವರಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ.

ಹಾಯಿದೋಣಿ: ಮೇಡಂ, ಆಸ್ಪತ್ರೆಯಲ್ಲಿದ್ದೇವೆ. ನಾಡಿ 46. ಮಾನಿಟರ್ ಹಾಕಿದ್ದಾರೆ, ಸಲೈನ್ ಹೋಗುತ್ತಿದೆ. ‘ತಣ್ಣೀರು ಸುಡುತ್ತೆ’ ಅಂದ ಕೂಡಲೇ ನರ್ಸ್ ಮೊದಲು ಕೇಳಿದ್ದು ‘ಯಾವ ಮೀನು?’ ಅಂತ.

ಡಾಕ್ಟರ್: ಸಮಾಧಾನವಾಯಿತು. ರಾತ್ರಿ ಅಲ್ಲೇ ಇರಿಸಿಕೊಳ್ಳಿ ಅನ್ನಿ. ನಿಮಗೆ ಜುಮ್ ಅನ್ನದಿದ್ದರೂ ನಿಮ್ಮ ನಾಡಿಯನ್ನೂ ನೋಡಿಸಿ. ನನಗೆ ನೇರ ಮೆಸೇಜ್ ಮಾಡಿ, ಇಲ್ಲಿ ಬೇಡ.

ಅಡ್ಮಿನ್: ಮೇಡಂಗೆ ಧನ್ಯವಾದ. ಇಲ್ಲಿಗೆ ಮುಗಿಸೋಣ.

ಪುಟ್ಟಿಯ ಅಮ್ಮ: ನಾನು ಆಗಲೇ ಲಸಿಕೆ ಬಗ್ಗೆ ಕೇಳಿದ್ದೆ. ಯಾರೂ ನೋಡಲೇ ಇಲ್ವಾ?