ರಘುವಿನ ಲೆಕ್ಕ, ಪರ್ಡ್ಯೂ ಆಟ

ನಮ್ಮ ರಘುವಿಗೆ ಎರಡು ಚಟ. ಬೇಸಿಗೆಯೆಲ್ಲ ಬೇಸ್‌ಬಾಲ್ ಅಂಕಿಅಂಶ, ಮಾರ್ಚ್ ಬಂದರೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಭವಿಷ್ಯ. ಮೊದಲನೆಯದರಲ್ಲಿ ಅವನು ಪಂಡಿತ. ಎರಡನೆಯದರಲ್ಲಿ ಅವನ ಮಾತು ಕೇಳಿದವರು ಯಾರೂ ಉದ್ಧಾರವಾಗಿಲ್ಲ.

ಅವನ ಮನೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಮಾರ್ಚ್‌ನ ಒಂದು ಭಾನುವಾರ, ಸೋತರೆ ಹೊರಗೆ ಅನ್ನುವ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ ಆಯ್ಕೆಯಾದ 68 ಕಾಲೇಜುಗಳ ಪಟ್ಟಿ ಟಿವಿಯಲ್ಲಿ ಬರುತ್ತದೆ. ಅವತ್ತು ನಾವೆಲ್ಲ ಅಲ್ಲಿ ಸೇರುತ್ತೇವೆ. ಬ್ಯಾಸ್ಕೆಟ್‌ಬಾಲ್ ನೆಪ, ಪ್ರಭಾ ಕರಿಯುವ ಕೋಡುಬಳೆ ನಿಜವಾದ ಕಾರಣ. ಈ ಸಲ ಅವಳ ಅಪ್ಪನೂ ಮೈಸೂರಿನಿಂದ ಬಂದಿದ್ದರು. ಕ್ಲಬ್ ಕ್ರಿಕೆಟ್ ಪಂದ್ಯಗಳಿಗೆ ವರ್ಷಗಟ್ಟಲೆ ಸ್ಕೋರ್ ಬರೆದವರು. ಈಗಲೂ ಕಿವಿಯ ಮೇಲೆ ಒಂದು ಪೆನ್ಸಿಲ್ ಇರುತ್ತದೆ.

"ಅಳಿಯಂದ್ರೇ, ಈ ಬೇಸ್‌ಬಾಲ್‌ನಲ್ಲಿ ಒಳ್ಳೇ ಬ್ಯಾಟ್ಸ್‌ಮನ್ ಅಂದರೆ ಎಷ್ಟು ಹೊಡೆಯಬೇಕು?" ಎಂದರು.

ರಘುವಿಗೆ ಅಷ್ಟೇ ಸಾಕಿತ್ತು. "1941, ಮಾವ. ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್. ಸರಾಸರಿ 0.406!"

"ಅಂದರೆ?"

"ಹತ್ತು ಸಲಕ್ಕೆ ನಾಲ್ಕು ಸಲ ಹಿಟ್."

"ಹತ್ತಕ್ಕೆ ನಾಲ್ಕಾ? ನಮ್ಮ ಕಾಲದಲ್ಲಿ ಅದಕ್ಕೆ ಥರ್ಡ್ ಕ್ಲಾಸ್ ಅಂತಿದ್ದರು."

"ಮೂರು ಬಂದರೇ ಇಲ್ಲಿ ದೊಡ್ಡ ಆಟಗಾರ, ಮಾವ. ಪೂರ್ತಿ ಕೇಳಿ. ಸೀಸನ್ನಿನ ಕೊನೇ ದಿನ ಬೆಳಗ್ಗೆ ಅವನ ಸರಾಸರಿ 0.39955. ರೌಂಡ್ ಮಾಡಿದರೆ 0.400. ಸುಮ್ನೆ ಬೆಂಚಿನ ಮೇಲೆ ಕೂತಿದ್ದರೂ ಹೆಸರು ಉಳಿಯುತ್ತಿತ್ತು. ಅವತ್ತು ಫಿಲಡೆಲ್ಫಿಯಾದಲ್ಲಿ ಎರಡು ಪಂದ್ಯ. ಎರಡನ್ನೂ ಆಡಿದ. ಎಂಟಕ್ಕೆ ಆರು ಹಿಟ್!"

ಮಾವ ಪೆನ್ಸಿಲ್ ಕೈಗೆ ತೆಗೆದುಕೊಂಡರು. "ಗಂಡಸು ಕಣ್ರೀ. ಆದರೆ 0.39955 ಅನ್ನು 0.400 ಅಂತ ಬರೆಯೋದು ಇಲ್ಲಿ ನಡೆಯುತ್ತಾ?"

"ಮೂರು ಅಂಕಿಗೆ ರೌಂಡ್ ಮಾಡೋದು ಇಲ್ಲಿ ರೂಢಿ."

"ಹಾಗಾದರೆ ಬ್ರಾಡ್‌ಮನ್ ಏನು ಪಾಪ ಮಾಡಿದ್ದ? 1948ರಲ್ಲಿ ಓವಲ್ ಮೈದಾನ. ಸರಾಸರಿ ನೂರಾಗಲು ನಾಲ್ಕೇ ರನ್ ಬೇಕಿತ್ತು, ಸೊನ್ನೆಗೆ ಬೌಲ್ಡ್. 99.94ಕ್ಕೆ ನಿಂತುಹೋಯ್ತು. ಅಂದಿನಿಂದ ಇಡೀ ಲೋಕ ಅಯ್ಯೋ ಅಯ್ಯೋ ಅಂತಿದೆ. ಒಬ್ಬ ಅಮೆರಿಕದ ಸ್ಕೋರರ್‌ನ ಕೂರಿಸಿದ್ದರೆ ರೌಂಡ್ ಮಾಡಿ ನೂರು ಅಂತ ಬರೆದು ಮನೆಗೆ ಹೋಗಿರೋನು!"

ಶ್ರೀಧರ ನಗುತ್ತಾ ಇನ್ನೊಂದು ಕೋಡುಬಳೆ ತೆಗೆದುಕೊಂಡ. ಅವನಿಗೆ ಎರಡೂ ಆಟ ಗೊತ್ತಿಲ್ಲ. ಆದರೂ ಒಂದು ವರ್ಷವೂ ತಪ್ಪಿಸಿಲ್ಲ.

ರಘು ಬಿಡುವವನಲ್ಲ. ಬೇಸ್‌ಬಾಲ್‌ನ ಸ್ಕೋರ್ ಪಟ್ಟಿಗೆ ಒಂದು ರೂಪ ಕೊಟ್ಟವನು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ, ನ್ಯೂಯಾರ್ಕ್ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವನು. ಇದನ್ನು ಹೇಳಿದ್ದೇ ತಡ, ಮಾವನ ಎದೆ ಉಬ್ಬಿತು. "ನೋಡಿದ್ರಾ! ಬೇರು ನಮ್ಮದೇ." ಅಲ್ಲಿಂದ ಮುಂದೆ ಅವರು ಬೇಸ್‌ಬಾಲನ್ನು ತವರುಮನೆಯ ಆಟದಂತೆ ನೋಡತೊಡಗಿದರು.

"ಬ್ಯಾರಿ ಬಾಂಡ್ಸ್ ಅಂತ ಒಬ್ಬ ಇದ್ದ, ಮಾವ. 2004ರಲ್ಲಿ ಅವನಿಗೆ ಹೆದರಿ, ಹೊಡೆಯೋಕೆ ಚೆಂಡೇ ಕೊಡದೆ ಬೇಕಂತಲೇ ಓಟದ ಮೊದಲ ಮೆಟ್ಟಿಲಾದ ಮೊದಲ ಬೇಸ್‌ಗೆ ಕಳಿಸಿದ್ದು 120 ಸಲ."

"ಬ್ಯಾಟೇ ಬೀಸದೆ?"

"ಬ್ಯಾಟೇ ಬೀಸದೆ."

"ನಮ್ಮ ಆಫೀಸಿನಲ್ಲೂ ಒಬ್ಬ ಹಾಗೇ ಪ್ರಮೋಷನ್ ತಗೊಂಡಿದಾನೆ" ಎಂದ ಶ್ರೀಧರ.

ನನಗೆ ಅನ್ನಿಸುವುದು, ಬೇಸ್‌ಬಾಲ್ ಅಂಕಿಗಳ ರುಚಿ ಇರುವುದೇ ಇಲ್ಲಿ. ಎಸೆಯುವವನು ಒಬ್ಬ, ಹೊಡೆಯುವವನು ಒಬ್ಬ. ತಪ್ಪು ಯಾರದು, ಮೆಚ್ಚುಗೆ ಯಾರಿಗೆ ಅಂತ ಬೇರೆ ಬೇರೆ ಬರೆದಿಡಬಹುದು. ಹಾಗೆ ಬರೆದಿಟ್ಟದ್ದು ಸತ್ತ ಮೇಲೂ ಕೆಲಸ ಮಾಡುತ್ತದೆ. ಕರಿಯರನ್ನು ದೊಡ್ಡ ಲೀಗ್‌ನಿಂದ ಹೊರಗಿಟ್ಟ ಕಾಲದಲ್ಲಿ ಜಾಶ್ ಗಿಬ್ಸನ್ ನೀಗ್ರೋ ಲೀಗ್‌ಗಳಲ್ಲಿ ಆಡಿದ. 1947ರಲ್ಲಿ ತೀರಿಕೊಂಡ. 2024ರಲ್ಲಿ ಆ ಲೀಗ್‌ಗಳ ಅಂಕಿಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿದರು. ಅವನ ಜೀವಮಾನದ ಸರಾಸರಿ 0.372 ಎಲ್ಲರಿಗಿಂತ ಮೇಲೆ ಬಂತು. ಅದುವರೆಗೆ ಮೊದಲಿದ್ದ ಟೈ ಕಾಬ್‌ನ 0.367 ಎರಡನೇ ಸ್ಥಾನಕ್ಕೆ ಇಳಿಯಿತು.

"77 ವರ್ಷ ಆದಮೇಲೆ!" ಎಂದರು ಮಾವ. "ಪೆನ್ಷನ್ ಅರಿಯರ್ಸ್ ಬಂದ ಹಾಗೆ. ಆದರೂ ಬಂತಲ್ಲ. ಯಾರೋ ಒಬ್ಬ ಪುಣ್ಯಾತ್ಮ ಸ್ಕೋರ್ ಬರೆದಿಟ್ಟಿದ್ದ, ಅದಕ್ಕೇ ಬಂತು."

ಅಷ್ಟರಲ್ಲಿ ಟಿವಿಯಲ್ಲಿ ಪಟ್ಟಿ ಬಂತು. ರಘು ಲ್ಯಾಪ್‌ಟಾಪ್ ತೆರೆದ. ಮುಖದಲ್ಲಿ ಪೂಜೆಗೆ ಕೂತವರ ಗಾಂಭೀರ್ಯ.

"ಶುರುವಿನ ನಾಲ್ಕು ಅರ್ಹತಾ ಪಂದ್ಯ ಬಿಟ್ಟರೆ 63 ಪಂದ್ಯ, ಪ್ರತಿಯೊಂದಕ್ಕೂ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಬರೆಯಬೇಕು, ಮಾವ. ಎಷ್ಟು ರೀತಿ ಬರೆಯಬಹುದು ಗೊತ್ತಾ? 92 ಸಾವಿರ ಕೋಟಿ ಕೋಟಿ."

"ಎರಡು ಸಲ ಕೋಟಿ ಅಂದ್ರಿ."

"ಎರಡು ಸಲವೇ. 2014ರಲ್ಲಿ ವಾರನ್ ಬಫೆಟ್ ಜೊತೆಗೂಡಿ, ಪೂರ್ತಿ ಸರಿ ಬರೆದವರಿಗೆ 100 ಕೋಟಿ ಡಾಲರ್ ಬಹುಮಾನ ಇಟ್ಟಿದ್ದರು. ಮೊದಲ ಸುತ್ತು ಮುಗಿಯುವ ಮೊದಲೇ ಎಲ್ಲರೂ ಔಟ್."

"ಬುದ್ಧಿವಂತ" ಎಂದರು ಮಾವ. ಅದು ಬಫೆಟ್‌ಗೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ರಘು ಎಂಎಸ್ ಮಾಡಿದ್ದು ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. ಬಂದು ನೆಲೆಸಿದ್ದು ನ್ಯೂಜೆರ್ಸಿಯಲ್ಲಿ. ಗ್ರಹಚಾರ ಅಂದರೆ ಇದೇ. ಟೂರ್ನಿಯಲ್ಲಿ ಶ್ರೇಯಾಂಕ ಒಂದರಿಂದ 16ರವರೆಗೆ, 16 ಅಂದರೆ ಕಟ್ಟಕಡೆ. 2022ರಲ್ಲಿ ಪರ್ಡ್ಯೂ ತಂಡವನ್ನು ಸೋಲಿಸಿದ್ದು 15ನೇ ಶ್ರೇಯಾಂಕದ ಸೇಂಟ್ ಪೀಟರ್ಸ್. ಅದು ಇಲ್ಲೇ ಜೆರ್ಸಿ ಸಿಟಿಯ ಪುಟ್ಟ ಕಾಲೇಜು. ಮುಂದಿನ ವರ್ಷ ಪರ್ಡ್ಯೂಗೆ ಒಂದನೇ ಶ್ರೇಯಾಂಕ. ಸೋತಿದ್ದು 16ನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ಎದುರು, 63-58. ಅದೂ ನ್ಯೂಜೆರ್ಸಿಯದೇ! ಪಕ್ಕದ ಮನೆಯವರು ಎರಡು ಸಲವೂ ಪಟಾಕಿ ಹೊಡೆಯುವುದೊಂದು ಬಾಕಿ.

"ನವಿಲಿನ ಗುರುತಿನ ಕಾಲೇಜಿಗೆ ಹಾಕ್ರೀ ಅಂತ ನಾನು ಹೇಳಿದ್ದೆ" ಎಂದಳು ಪ್ರಭಾ ಅಡುಗೆಮನೆಯಿಂದ. ಸೇಂಟ್ ಪೀಟರ್ಸ್ ತಂಡದ ಗುರುತು ನವಿಲು.

"ನವಿಲು ಅಂಕಿಅಂಶ ಅಲ್ಲ, ಪ್ರಭಾ!"

"ದುಡ್ಡು ಬಂತಲ್ಲ."

"ಮಾವ, ನೀವೇ ಹೇಳಿ. ನಮ್ಮ ಕಡೆ ಝ್ಯಾಕ್ ಈಡಿ, 7 ಅಡಿ 4 ಇಂಚು. ಫೇರ್ಲಿ ಡಿಕಿನ್ಸನ್‌ದು ಆ ವರ್ಷ ಕಾಲೇಜು ಆಟದ ಮೇಲ್ದರ್ಜೆಯಾದ 'ಡಿವಿಷನ್ 1'ರಲ್ಲೇ ಎಲ್ಲಕ್ಕಿಂತ ಕುಳ್ಳ ತಂಡ. ತಮ್ಮ ಲೀಗ್ ಫೈನಲ್‌ನಲ್ಲೂ ಸೋತಿದ್ದರು. ಗೆದ್ದ ಮೆರಿಮ್ಯಾಕ್‌ಗೆ ಟೂರ್ನಿಗೆ ಬರುವ ಅರ್ಹತೆ ಇರಲಿಲ್ಲ ಅಂತ ಇವರನ್ನು ಕಳಿಸಿದರು!"

"ಸೋತು ಬಂದವರ ಕೈಲಿ ಸೋತ್ರಾ?" ಎಂದರು ಮಾವ, ಬಹಳ ಮೆಲ್ಲಗೆ.

ಶ್ರೀಧರ ಸಮಾಧಾನ ಮಾಡಲು ಹೋದ. "ಹೋಗ್ಲಿ ಬಿಡೋ, ಗೆದ್ದದ್ದೂ ಇದೆಯಲ್ಲ."

ಅದು ಇನ್ನೂ ಕಷ್ಟಕ್ಕೆ ಬಂತು. 2019ರಲ್ಲಿ ಒಹಾಯೋದ ಒಬ್ಬರು ಮೊದಲ 49 ಪಂದ್ಯಗಳನ್ನೂ ಸರಿಯಾಗಿ ಬರೆದಿದ್ದರು. ಗೊತ್ತಿರುವ ಮಟ್ಟಿಗೆ ಅಷ್ಟು ದೂರ ಅದುವರೆಗೆ ಯಾರೂ ಹೋಗಿರಲಿಲ್ಲ. 50ನೆಯದರಲ್ಲಿ ಟೆನೆಸಿ ಗೆಲ್ಲುತ್ತದೆ ಅಂತ ಬರೆದಿದ್ದರು. ಓವರ್‌ಟೈಮ್‌ನಲ್ಲಿ ಗೆದ್ದದ್ದು ಯಾರು? ಪರ್ಡ್ಯೂ. ಸೋತರೆ ರಘುವಿನ ಲೆಕ್ಕ ಹಾಳು, ಗೆದ್ದರೆ ಲೋಕದ ಲೆಕ್ಕ ಹಾಳು.

"ಇದಕ್ಕೇ ನಾನು ಕೆನ್ ಪೊಮೆರಾಯ್ ಅವರ ರೇಟಿಂಗ್ ನೋಡೋದು" ಎಂದ ರಘು. "ನೂರು ಪೊಸೆಷನ್‌ಗೆ, ಅಂದರೆ ಚೆಂಡು ನೂರು ಸಲ ಕೈಗೆ ಬಂದರೆ, ಎಷ್ಟು ಪಾಯಿಂಟ್ ಗಳಿಸಿದರು, ಎಷ್ಟು ಬಿಟ್ಟುಕೊಟ್ಟರು, ಎಲ್ಲ ಇರುತ್ತೆ. ಮೊದಲು ಹವಾಮಾನ ಇಲಾಖೆಯಲ್ಲಿದ್ದವರು ಅವರು."

"ಹವಾಮಾನದವರಾ?" ಶ್ರೀಧರ ಕೋಡುಬಳೆ ಕೆಳಗಿಟ್ಟ. "ಅವರು ಮಳೆ ಅಂದ ದಿನ ನಾನು ಬಟ್ಟೆ ಒಣಗಿಸ್ತೀನಿ. ನೀನು ದುಡ್ಡು ಹಾಕ್ತೀಯಾ?"

ರಘುವಿಗೆ ನಿಜವಾಗಿಯೂ ಸಿಟ್ಟು ಬಂತು. "ಕೇಳೋ ಇಲ್ಲಿ. ಬೇಸ್‌ಬಾಲ್‌ನಲ್ಲಿ 162 ಪಂದ್ಯ. ಅಷ್ಟು ಆಡಿದರೆ ಅದೃಷ್ಟಕ್ಕೇ ಸುಸ್ತಾಗುತ್ತೆ, ಒಳ್ಳೇ ತಂಡ ಮೇಲೆ ಬರುತ್ತೆ. ಇಲ್ಲಿ ಒಂದೇ ರಾತ್ರಿ, ನಲವತ್ತು ನಿಮಿಷ. ರೇಟಿಂಗ್ 'ನೂರಕ್ಕೆ 97' ಅನ್ನುತ್ತೆ. ಉಳಿದ ಮೂರು ಎಲ್ಲಿಗೆ ಹೋಗಬೇಕು?"

"ನ್ಯೂಜೆರ್ಸಿಗೆ" ಎಂದಳು ಪ್ರಭಾ.

ರಾತ್ರಿ ಹನ್ನೊಂದರ ಹೊತ್ತಿಗೆ ಪಟ್ಟಿ ತುಂಬಿತು. ರಘು ಎರಡು ತುಂಬಿದ್ದ. ಒಂದು ಪೂರ್ತಿ ರೇಟಿಂಗ್ ಪ್ರಕಾರ. ಇನ್ನೊಂದರಲ್ಲಿ ಪರ್ಡ್ಯೂ ಚಾಂಪಿಯನ್. 2024ರಲ್ಲಿ ಫೈನಲ್‌ವರೆಗೆ ಹೋಗಿ ಕನೆಕ್ಟಿಕಟ್‌ಗೆ ಸೋತಿತ್ತು, ಒಂದು ಮೆಟ್ಟಿಲು ಬಾಕಿ ಇದೆ ಅಂತ ಅವನ ವಾದ. ಯಾವುದಕ್ಕೆ ದುಡ್ಡು ಹಾಕಿದ ಅಂತ ಕೇಳಿದರೆ ಕೋಡುಬಳೆ ಚೆನ್ನಾಗಿತ್ತು ಅಂದ.

ಮಾವ ಪಟ್ಟಿ ತುಂಬಲೇ ಇಲ್ಲ. ಆಡುವ ಮೊದಲೇ ಸ್ಕೋರ್ ಬರೆಯುವುದು ಕಳ್ಳತನ ಎಂದರು. ಮಲಗಲು ಹೋಗುವಾಗ ಮಾತ್ರ ಬಾಗಿಲ ಹತ್ತಿರ ನಿಂತರು.

"ಅಳಿಯಂದ್ರೇ, ಆ ಫೇರ್ಲಿ ಡಿಕಿನ್ಸನ್ ಇಲ್ಲಿಂದ ಎಷ್ಟು ದೂರ?"

"ಕಾರಿನಲ್ಲಿ ಒಂದು ಗಂಟೆಯೊಳಗೆ. ಯಾಕೆ ಮಾವ?"

"ವೀಸಾ ಆರು ತಿಂಗಳಿದೆ. ಅವರಿಗೆ ಸ್ಕೋರರ್ ಬೇಕಾ ಕೇಳಿ."