ಸೂಳೆಕೆರೆಯಲ್ಲಿ ಅಲೆ ಬಂತು, ಚಪ್ಪಲಿ ಬರಲಿಲ್ಲ. ಯಾಕೆ?

ದಾವಣಗೆರೆ ಅಮ್ಮ:
ಭಾನುವಾರ ಸೂಳೆಕೆರೆಗೆ ಹೋಗಿದ್ದೆವು. ಮಗಳ ಒಂದು ಚಪ್ಪಲಿ ನೀರಿಗೆ ಬಿತ್ತು. ಅಲೆಗಳೆಲ್ಲ ನಮ್ಮ ಕಡೆಗೇ ಬರುತ್ತಿದ್ದವು. ಬಂದೇ ಬರುತ್ತೆ ಅಂತ ಮಂಡಕ್ಕಿ ತಿನ್ನುತ್ತಾ ಕೂತೆವು. ಅದು ಮೇಲೆ ಕೆಳಗೆ ಕುಣಿಯಿತೇ ಹೊರತು ಅರ್ಧ ಗಂಟೆಯಲ್ಲಿ ಒಂದು ಮಾರೂ ಸರಿಯಲಿಲ್ಲ. ಅಲೆ ಬಂದರೆ ನೀರೂ ಬರಬೇಕಲ್ವಾ? ಏಳನೇ ಕ್ಲಾಸಿನವಳು ಕೇಳ್ತಿದ್ದಾಳೆ, ನನಗೆ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು, ಚನ್ನಗಿರಿ:
ಇಲ್ಲಮ್ಮ. ಮುಂದೆ ಸಾಗುವುದು ಗಾಳಿ ಕೊಟ್ಟ ಶಕ್ತಿ. ನೀರು ಇದ್ದಲ್ಲೇ ಸಣ್ಣ ಸುತ್ತು ಹಾಕಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬರುತ್ತೆ. ಆಳಕ್ಕೆ ಹೋದಷ್ಟೂ ಸುತ್ತು ಚಿಕ್ಕದು. ಒಂದು ಅಲೆಯ ತಲೆಯಿಂದ ಇನ್ನೊಂದರ ತಲೆಗೆ 4 ಅಡಿ ಇದ್ದರೆ, 2 ಅಡಿ ಕೆಳಗೆ ನೀರು ಬಹುತೇಕ ಅಲುಗಾಡಲ್ಲ. ಮನೆಯಲ್ಲಿ ಬಟ್ಟೆ ಒಣಹಾಕೋ ಹಗ್ಗದ ತುದಿ ಹಿಡಿದು ಒದರಿಸಿ. ಅಲೆ ಆ ಕಡೆ ಓಡುತ್ತೆ, ಹಗ್ಗ ಕೈಯಲ್ಲೇ ಇರುತ್ತೆ.

ಮಾಯಕೊಂಡದ ಹುಡುಗ:
ಮತ್ತೆ ದಡದಲ್ಲಿ ಕಾಲು ನೆನೆಯುತ್ತಲ್ಲ ಸಾರ್?

ನಿವೃತ್ತ ಮೇಷ್ಟ್ರು:
ಒಳ್ಳೇ ಪ್ರಶ್ನೆ. ಅಲ್ಲಿ ಆಳ ಕಡಿಮೆ. ಅಲೆಯ ಬುಡ ನೆಲಕ್ಕೆ ತಾಗಿ ನಿಧಾನ ಆಗುತ್ತೆ, ಎತ್ತರ ಏರುತ್ತೆ, ಕೊನೆಗೆ ತಲೆ ಮುಗ್ಗರಿಸುತ್ತೆ. ಆಗ ನೀರು ನಿಜವಾಗ್ಲೂ ಮುಂದೆ ನುಗ್ಗುತ್ತೆ.

ಹರಿಹರದವನು:
ನಮ್ಮ ಹೊಳೇಲಿ ಬಿದ್ದಿದ್ರೆ ಚಪ್ಪಲಿ ಹೊಸಪೇಟೆ ದಾರಿ ಹಿಡೀತಿತ್ತು! ತುಂಗಭದ್ರೆಯಲ್ಲಿ ಇಳಿಜಾರಿಗೆ ನೀರೇ ಹರಿಯೋದು.

ದಾವಣಗೆರೆ ಅಮ್ಮ:
ಹಗ್ಗ ಒದರಿಸಿದಳು, ಒಣಗಿದ ಬಟ್ಟೆಯೆಲ್ಲ ಮಣ್ಣುಪಾಲು. ಆದರೆ ಅರ್ಥ ಆಯ್ತಂತೆ.